ದೇವರ ಹೆಸರು ಪೂರ್ತಿ ಬರೆಯಲು ಹೋಗಿ

ದೇವರ ಹೆಸರನ್ನು ಯಾರಾದರೂ ಮೊಟಕು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೀಗೆ ಉರಿಯುವವರನ್ನೇ ಹುಡುಕಿಕೊಂಡು ಇಂಥ ಪ್ರಸಂಗಗಳು ಬರುತ್ತವೆಯೋ ಏನೋ, ನನಗಂತೂ ಅವು ತಪ್ಪಲಿಲ್ಲ.

ಅದು ಯುದ್ಧದ ಕಾಲ. ನಾನಾಗ ದೊಡ್ಡಬಳ್ಳಾಪುರದ ಕಡೆ ಪ್ರೈಮರಿ ಶಾಲೆ ಮೇಷ್ಟ್ರು. ಸಕ್ಕರೆಗೂ ಸೀಮೆಎಣ್ಣೆಗೂ ರೇಷನ್ ಬಂತು. ಅಮಲ್ದಾರರು ಮೇಷ್ಟ್ರುಗಳನ್ನೆಲ್ಲ ಕರೆಸಿ ಕಾರ್ಡು ಬರೆಯುವ ಕೆಲಸಕ್ಕೆ ಹಚ್ಚಿದರು. "ಹೆಸರು ಪೂರ್ತಿ ಇರಬೇಕು. ಸೀನ, ಸುಬ್ಬ, ಕಿಟ್ಟ ಅಂತ ಬರೆದು ತಂದ್ರೆ ಕಾರ್ಡು ಹರಿದು ಹಾಕ್ತೀನಿ" ಎಂದರು. ಉಳಿದವರು ಗೊಣಗಿದರು. ನನಗೆ ಮಾತ್ರ ಸರ್ಕಾರವೇ ನನ್ನ ಪಕ್ಷಕ್ಕೆ ಬಂದಷ್ಟು ಖುಷಿ. ನಮ್ಮ ತಂದೆ ಪೂಜೆಗೆ ಕೂತರೆ ಒಂದಕ್ಷರ ನುಂಗುತ್ತಿರಲಿಲ್ಲ. ಅವರ ಮಗ ನಾನು. ಈ ಸೀಮೆಯಲ್ಲಿ ಒಬ್ಬ ಶ್ರೀನಿವಾಸನನ್ನೂ ಸೀನನಾಗಲು ಬಿಡುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದೆ.

ಚಾವಡಿಯಲ್ಲಿ

ಮೊದಲ ಊರು ದೊಡ್ಡಬೆಳವಂಗಲದ ಹತ್ತಿರದ್ದು. ಶಾನುಭೋಗರ ಪಟ್ಟಿ ನೋಡಿ ಕಾರ್ಡುಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ಕರೆದು ಕರೆದು ಕೊಡುವುದಷ್ಟೇ ಬಾಕಿ. ಚಾವಡಿಯ ಮುಂದೆ ಊರೇ ಸೇರಿತ್ತು. ಗಂಟಲು ಸರಿಮಾಡಿಕೊಂಡು ಕೂಗಿದೆ: "ಲಕ್ಷ್ಮೀನರಸಿಂಹಯ್ಯ!"

ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಮುಂದೆ ಕೂತಿದ್ದ ನಾಲ್ಕು ಜನ ಕೈಮುಗಿದರು.

"ವೆಂಕಟರಮಣಪ್ಪ!" ಎಂದೆ. ಈಗ ಎಲ್ಲರೂ ಕೈಮುಗಿದರು. ಒಬ್ಬ ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು.

ಸುಬ್ರಹ್ಮಣ್ಯ, ಸತ್ಯನಾರಾಯಣ, ಆಂಜನೇಯಪ್ಪ, ಎಲ್ಲರನ್ನೂ ಕರೆದೆ. ಲಚ್ಚ, ಯೆಂಕ, ಸುಬ್ಬ, ಸತ್ತಿ, ಅಂಜಿನಿ ಎಲ್ಲರೂ ಅಲ್ಲೇ ಭಕ್ತಿಯಿಂದ ಕೂತಿದ್ದಾರೆ. ಒಬ್ಬರಿಗೂ ಅದು ತಮ್ಮ ಹೆಸರು ಎಂದು ಗೊತ್ತಿಲ್ಲ. ಮಧ್ಯಾಹ್ನವಾದರೂ ಒಂದು ಕಾರ್ಡೂ ಖರ್ಚಾಗಲಿಲ್ಲ. ಕೊನೆಗೆ ಪಟೇಲರು ಎದ್ದು ಬಂದು ಮೆಲ್ಲಗೆ ಕೇಳಿದರು:

"ಮೇಷ್ಟ್ರೇ, ಪೂಜೆ ಚೆನ್ನಾಗಾಯ್ತು. ಕಾರ್ಡು ಯಾವಾಗ ಕೊಡ್ತೀರಿ?"

ಅರ್ಚಕರು

ಹಿಡಿದ ಕೆಲಸ ಮುಗಿಯಲಿ ಎಂದು ಮಾರನೆಯ ಬೆಳಿಗ್ಗೆ ಆ ಊರಿನ ಆಂಜನೇಯನ ಗುಡಿಗೆ ಅಷ್ಟೋತ್ತರ ಮಾಡಿಸಲು ಹೋದೆ. ಅರ್ಚಕರಿಗೆ ಮೂರು ಊರಿನ ಪೂಜೆ. ಮೊದಲ ಎರಡು ನಾಮ ಸ್ಪಷ್ಟವಾಗಿ ಕೇಳಿಸಿತು. ಮೂರನೆಯದರಿಂದ ಹೆಸರೆಲ್ಲ ಹೊಟ್ಟೆಯೊಳಗೆ, ಬಾಲ ಮಾತ್ರ ಹೊರಗೆ: "ಯಾಯ್ನಮ, ಯಾಯ್ನಮ, ಯಾಯ್ನಮ..." ತುಳಸಿ ದಳ ಮಾತ್ರ ಮಳೆಯ ಹಾಗೆ ಬೀಳುತ್ತಿತ್ತು.

"ಸ್ವಾಮಿ, ನಿಲ್ಲಿಸಿ," ಎಂದೆ. "ಬರೀ ಯಾಯ್ನಮ ಅಂದ್ರೆ ಯಾರಿಗೆ ಅಂತ ದೇವರಿಗೆ ತಿಳಿಯೋದು ಹೇಗೆ?"

ಅವರು ಕೈ ನಿಲ್ಲಿಸಲಿಲ್ಲ. "ಮೇಷ್ಟ್ರೇ, ನಿಮ್ಮ ಮನೆಯವರು ನಿಮ್ಮನ್ನ ಏನಂತ ಕರೀತಾರೆ?"

"ಏನೂಂದ್ರೆ ಅಂತಾಳೆ."

"ನಿಮ್ಮನ್ನೇ ಕರೆದದ್ದು ಅಂತ ತಿಳಿಯುತ್ತೋ?"

"ತಿಳಿಯುತ್ತೆ."

"ಮತ್ತೆ ದೇವರು ನಿಮಗಿಂತ ದಡ್ಡ ಅಂದ್ಕೊಂಡ್ರಾ?"

ಆದರೂ ನಾನು ಏಳಲಿಲ್ಲ. ನೂರೆಂಟೂ ಇಡಿಯಾಗಿ ಹೇಳುವ ತನಕ ಬಾಗಿಲಿಗೆ ಅಡ್ಡವಾಗಿ ಕೂತೆ. ಹಲ್ಲು ಕಚ್ಚಿಕೊಂಡು ಹೇಳಿದರು. ಪಕ್ಕದೂರಿನ ಈಶ್ವರನಿಗೆ ಅವತ್ತು ಸ್ನಾನವಾದದ್ದು ಮಧ್ಯಾಹ್ನ ಎರಡು ಗಂಟೆಗಂತೆ.

ನೂಲಿನ ಸಾಬರು

ಮಗ್ಗದವರಿಗೆ ನೂಲು ಮಾರುವ ಸಾಬರೊಬ್ಬರು ಕಾರ್ಡು ಬರೆಸಲು ಬಂದರು. ಹೆಸರು ಕೇಳಿದೆ.

"ಅಬ್ದುಲ್ ರಹಮಾನ್. ಪೂರಾ ಬರೀಬೇಕು ಮೇಷ್ಟ್ರೇ. ಬರೀ ರಹಮಾನ್ ಅಂದ್ರೆ ಅದು ಖುದಾ ಹೆಸರು. ನಾನು ಅವನ ಸೇವಕ ಅಷ್ಟೇ. ಅಬ್ದುಲ್ ಬಿಟ್ರೆ ನಾನೇ ಮಾಲೀಕ ಆಗ್ಬಿಡ್ತೀನಿ. ತೌಬಾ ತೌಬಾ!"

ಎದ್ದು ತಬ್ಬಿಕೊಳ್ಳಬೇಕು ಅನ್ನಿಸಿತು. ಇಷ್ಟು ದಿನಕ್ಕೆ ನನ್ನ ಜಾತಿಯವನೊಬ್ಬ ಸಿಕ್ಕಿದ್ದ! ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು, "ರಾಮಣ್ಣ ಸಾಬ್ರೇ, ನೂಲು ಬಂತಾ?" ಎಂದಳು.

"ಬಂತು ಅಕ್ಕಾ," ಎಂದರು ಸಾಬರು.

ನಾನು ಅವರ ಮುಖ ನೋಡಿದೆ. ಅವರು ನಿಟ್ಟುಸಿರು ಬಿಟ್ಟರು. "ರಹಮಾನ್ ಅನ್ಬೇಡಿ, ಅದು ನಮ್ಮ ದೇವ್ರ ಹೆಸರು ಅಂತ ಮನೆ ಮನೆಗೂ ಹೇಳಿದೆ ಮೇಷ್ಟ್ರೇ. ಪಾಪ, ಒಳ್ಳೇ ಜನ, ಒಪ್ಕೊಂಡ್ರು. ನಮ್ಮ ದೇವ್ರ ಹೆಸರು ತೆಗೆದು ಅವ್ರ ದೇವ್ರ ಹೆಸರು ಇಟ್ಬಿಟ್ರು."

ಒಂಟಿ ಮನೆ

ಕೊನೆಗೆ ಉಳಿದದ್ದು ಸಾಸಲು ಕಡೆಯ ಒಂದು ಒಂಟಿ ಮನೆ, ಹೊಲದ ನಡುವೆ. ಯಜಮಾನ ಬೆಂಗಳೂರಿಗೆ ಹೋಗಿದ್ದ. ಹೆಂಡತಿ ಬಾಗಿಲಲ್ಲಿ ನಿಂತಳು.

"ಯಜಮಾನರ ಹೆಸರೇನಮ್ಮ?"

ಗಂಡನ ಹೆಸರು ಹೇಳುವುದುಂಟೇ? ಸೆರಗು ಕಚ್ಚಿಕೊಂಡಳು. ನಾನು ಬಿಡಲಿಲ್ಲ. "ಸುತ್ತಿ ಬಳಸಿಯಾದ್ರೂ ಹೇಳಮ್ಮ. ಬರೀದೆ ನಾನು ಹೋಗಲ್ಲ."

ನೆಲ ನೋಡಿಕೊಂಡು, "ಸೀತಮ್ಮನೋರ ಯಜಮಾನ್ರು" ಎಂದಳು.

ಓಹೋ, ಹಿರಿಯ ಹೆಂಡತಿ ಬೇರೆ ಇದ್ದಾಳೆ ಎಂದುಕೊಂಡೆ. "ಸೀತಮ್ಮನೋರು ಇದೇ ಮನೇಲಿದ್ದಾರಾ?"

"ಇನ್ನೆಲ್ಲಿ ಹೋಗ್ತಾರೆ ಸಾಮಿ? ದೇವ್ರ ಮನೇಲವ್ರೆ."

ಪೂಜೆಗೆ ಕೂತವರನ್ನು ಎಬ್ಬಿಸುವುದು ಬೇಡವೆಂದು ಮೆಲ್ಲಗೆ ಕೇಳಿದೆ: "ವಯಸ್ಸೆಷ್ಟು?"

"ಯಾರಿಗ್ ಗೊತ್ತು? ನಮ್ಮತ್ತೆ ಮದುವೆಯಾಗಿ ಬಂದಾಗ್ಲೂ ಅಲ್ಲೇ ಇದ್ರಂತೆ."

'ಸೀತಮ್ಮ, ವೃದ್ಧೆ' ಎಂದು ಬರೆದೆ. ಯಜಮಾನನ ಹೆಸರಿನ ಜಾಗ ಖಾಲಿ ಬಿಟ್ಟೆ, ಅವನು ಬಂದ ಮೇಲೆ ತುಂಬಿದರಾಯಿತು ಎಂದು.

ಮರುದಿನವೇ ಅಮಲ್ದಾರರು ತನಿಖೆಗೆ ಬಂದರು. ಖಾಲಿ ಜಾಗದ ಕಾರ್ಡೇ ಅವರ ಕೈಗೆ ಸಿಗಬೇಕೆ! "ನಡೀರಿ, ಮನೆ ತೋರಿಸಿ" ಎಂದರು. ಯಜಮಾನ ಇನ್ನೂ ಬಂದಿರಲಿಲ್ಲ.

"ಸೀತಮ್ಮ ಅನ್ನೋರನ್ನ ಕರೀಮ್ಮ" ಎಂದರು ಅಮಲ್ದಾರರು.

ಆಕೆ ಗಾಬರಿಯಾಗಿ ಒಳಗೆ ಓಡಿದಳು. ಕಾಲು ತೊಳೆದು, ದೇವರ ಮನೆಗೆ ಹೋಗಿ, ಎರಡೂ ಕೈಯಲ್ಲಿ ಒಂದು ಪಟ ಹಿಡಿದು ತಂದಳು. ಬಿಲ್ಲು ಹಿಡಿದ ಸ್ವಾಮಿ, ಪಕ್ಕದಲ್ಲಿ ಸೀತಮ್ಮನೋರು, ಕಾಲ ಬಳಿ ಹನುಮಂತ.

ಊರೆಲ್ಲ ದೇವರ ಹೆಸರನ್ನು ತುಂಡು ಮಾಡಿದ್ದರೆ, ಈ ತಾಯಿ ಅದನ್ನು ಪೂರ್ತಿಯಾಗಿ ನುಂಗಿಬಿಟ್ಟಿದ್ದಳು. ದೇವರಿಗೆ ರೇಷನ್ ಬರೆದ ಮೇಷ್ಟ್ರಿಗೆ ಕೆಲಸ ಉಳಿಯುತ್ತದೆಯೇ?

ಅಮಲ್ದಾರರು ಪಟ ನೋಡಿದರು, ಕಾರ್ಡು ನೋಡಿದರು, ನನ್ನನ್ನು ನೋಡಿದರು. ಮೀಸೆಯಡಿ ತುಟಿ ಅದುರಿತು. "ಈ ಸೀತಮ್ಮನ ಹೆಸರು ಹೊಡೆದು ಹಾಕಿ ಮೇಷ್ಟ್ರೇ" ಎಂದರು.

"ಬ್ಯಾಡಿ ಸಾಮಿ!" ಎಂದಳು ಆಕೆ. "ದಿನಾ ನೈವೇದ್ಯಕ್ಕೆ ಒಂದು ಚೂರಾದ್ರೂ ಸಕ್ಕರೆ ಬೇಡ್ವಾ? ಅವರ ಯಜಮಾನ್ರ ಹೆಸರೂ ಬಿಟ್ಟೋಗೈತೆ, ಅದ್ನೂ ಬರ್ಕೊಳ್ಳಿ."

ಅಮಲ್ದಾರರು ಅಭ್ಯಾಸಬಲದಿಂದ ಪೆನ್ನು ತೆಗೆದೇ ಬಿಟ್ಟರು. "ಸರಿ, ಅವರ ಹೆಸರೇನಮ್ಮ? ಪೂರ್ತಿ ಹೇಳು."

ಆಕೆ ನಾಚಿ ಸೆರಗು ಮುಖಕ್ಕೆ ಎಳೆದುಕೊಂಡಳು.

"ನಮ್ಮನೆಯೋರ ಹೆಸ್ರೇ ಸಾಮಿ."