ಸಂದಿನ ಖಾತೆ

ಬಹಳ ಹಿಂದೆ, ಬಾಗಿಲುಗಳಿಗೂ ಮಂತ್ರಿಗಳಿದ್ದ ಒಂದು ರಾಜ್ಯವಿತ್ತು. ಹೆಸರು ಕದಂಪುರ. ಅದರ ಅರಸು ಜೋಂಪರಾಯ ಮಧ್ಯಾಹ್ನ ಉಂಡು ಮಲಗಿದರೆ ದೀಪ ಹಚ್ಚುವ ಹೊತ್ತಿಗೇ ಏಳುತ್ತಿದ್ದುದು. ಅಷ್ಟು ಹೊತ್ತೂ ಪ್ರಜೆಗಳು ಸುಖವಾಗಿರುತ್ತಿದ್ದರು. ಏಕೆಂದರೆ ಎಚ್ಚರವಿದ್ದರೆ ಮಹಾಪ್ರಭುಗಳಿಗೆ ಯೋಜನೆಗಳು ಹೊಳೆಯುತ್ತಿದ್ದವು.

ಇದನ್ನು ಚೆನ್ನಾಗಿ ಬಲ್ಲವಳು ರಾಣಿ ಸಿಂಗಾರದೇವಿ. ಆದ್ದರಿಂದಲೇ ಶಯನಗೃಹದ ಜೋಡಿ ಬಾಗಿಲಿನ ಕದಗಳು ಒಣಗಿ, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು, ಅಲ್ಲಿಂದ ನುಗ್ಗಿದ ಬಿಸಿಲು ನೇರವಾಗಿ ಗಂಡನ ಕಣ್ಣಿಗೆ ಬಿದ್ದಾಗ ಅವಳು ಕೂಡಲೇ ಬಾಗಿಲಿನ ಮಂತ್ರಿಗಳನ್ನು ಕರೆಸಿದಳು. ನಿದ್ದೆಗೆಟ್ಟ ಅರಸು ಆಗಲೇ ನಾಡಿನ ಹುಂಜಗಳೆಲ್ಲ ಒಂದೇ ಶ್ರುತಿಯಲ್ಲಿ ಕೂಗತಕ್ಕದ್ದೆಂದು ಆಜ್ಞೆ ಹೊರಡಿಸಿದ್ದ. ಹುಂಜಗಳಿಗೆ ತರಬೇತಿ ಶಿಬಿರವೂ ಉದ್ಘಾಟನೆಯಾಗಿತ್ತು.

"ಒಂದು ಕದದ ಅಂಚಿಗೆ ಮರದ ಪಟ್ಟಿ ಹೊಡೆಸಿ. ಅದು ಇನ್ನೊಂದರ ಮೇಲೆ ಕೂತರೆ ಸಂದು ಮುಚ್ಚುತ್ತೆ. ಅಷ್ಟೇ ತಾನೆ?" ಎಂದಳು ರಾಣಿ.

ಅಷ್ಟೇ ಆಗಿರಲಿಲ್ಲ. ಆ ರಾಜ್ಯದಲ್ಲಿ ಎಡಗದಕ್ಕೊಬ್ಬ ಮಂತ್ರಿ, ಬಲಗದಕ್ಕೊಬ್ಬ ಮಂತ್ರಿ. ಪಟ್ಟಿ ಇರುವ ಕದ ಮೇಲಾಗುತ್ತದೆ. ಇನ್ನೊಂದು ಮೊದಲು ಮುಚ್ಚಿಕೊಂಡು ಅದರಡಿಯಲ್ಲಿ ತೆಪ್ಪಗಿರಬೇಕು.

"ಪಟ್ಟಿ ನನ್ನ ಕದಕ್ಕೇ ಆಗ್ಬೇಕು ಮಹಾತಾಯಿ," ಎಂದು ಎಡಗದದ ಸೋವಿದೇವ ಅಡ್ಡಬಿದ್ದ. "ಬಲಗದದ ಅಡಿಗೆ ಹೋದ್ರೆ ನಮ್ಮ ಜನಕ್ಕೆ ಹೇಗೆ ಮುಖ ತೋರಿಸ್ಲಿ?"

"ನಮಗೇನು ಮಾನ ಮರ್ಯಾದೆ ಇಲ್ವಾ? ಈಗಲೇ ರಾಜೀನಾಮೆ ಬಿಸಾಕ್ತೀನಿ!" ಎಂದ ಬಲಗದದ ಕೇತಮಲ್ಲ. ಅಂದಹಾಗೆ ಅವನು ರಾಜೀನಾಮೆಯನ್ನು ಯಾವತ್ತೂ ಬಿಸಾಕಿದವನಲ್ಲ.

"ಹಾಳಾಗಿ ಹೋಗ್ಲಿ, ನನ್ನ ಹಳೇ ಸೀರೆ ತುರುಕ್ತೀನಿ ಬಿಡಿ."

"ಯಾವ ಕಡೆಯಿಂದ ತುರುಕ್ತೀರಿ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ರಾಣಿ ತಲೆ ಚಚ್ಚಿಕೊಂಡಳು. ಅಷ್ಟರಲ್ಲಿ ಕೆಂಗಣ್ಣಿನ ಅರಸು ಮಂಚದ ಮೇಲೆ ಎದ್ದು ಕೂತ.

"ದೇವಿ, ಎಡಗದ ಅವನದು, ಬಲಗದ ಇವನದು. ಸಂದು ಯಾರದೂ ಅಲ್ಲ. ಅದಕ್ಕೇ ಅನಾಥವಾಗಿದೆ! ಸಂದಿಗೊಂದು ಖಾತೆ ತೆರೆಯೋಣ. ಮಂತ್ರಿ ನಿನ್ನ ತಮ್ಮ ಬೊಮ್ಮರಸ."

ರಾಣಿ ಬಯ್ಯಲೆಂದೇ ಬಾಯಿ ತೆರೆದಿದ್ದಳು. ಆದರೆ ಕೆಲಸವಿಲ್ಲದ ತಮ್ಮ ತನ್ನ ಅರಮನೆಯಲ್ಲೇ ಉಂಡು ತಿರುಗಾಡುತ್ತಿದ್ದುದು ನೆನಪಾಯಿತು. "ಪ್ರಭುಗಳ ಬುದ್ಧಿಯೇ ಬುದ್ಧಿ," ಎಂದುಬಿಟ್ಟಳು. ಮರದ ಪಟ್ಟಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಬೊಮ್ಮರಸ ಅಧಿಕಾರ ವಹಿಸಿಕೊಂಡು ಇಲಾಖೆಯನ್ನು ಖುದ್ದಾಗಿ ಪರಿಶೀಲಿಸಿದ. ಅದರೊಳಗೆ ಅವನ ಮೂಗೂ ಹಿಡಿಸಲಿಲ್ಲ. ಒಂದು ಸ್ವತಂತ್ರ ಖಾತೆಗೆ ಇದು ಅವಮಾನವೆಂದು ತಜ್ಞರ ಸಮಿತಿ ವರದಿ ಕೊಟ್ಟಿತು. 'ಸಂದು ಅಭಿವೃದ್ಧಿ ಯೋಜನೆ'ಯಡಿ ಎರಡೂ ಕದಗಳನ್ನು ಸಮಸಮವಾಗಿ ಹೆರೆದು, ಮಂತ್ರಿ ಕುರ್ಚಿ ಸಮೇತ ಕೂರುವಷ್ಟು ಸಂದು ಮಾಡಲಾಯಿತು. ಎಡಬಲದವರು ಇಬ್ಬರೂ ಚಪ್ಪಾಳೆ ತಟ್ಟಿದರು. ಬಿಸಿಲು ಬಿಂದಿಗೆಯಲ್ಲಿ ಸುರಿದಂತೆ ಒಳಗೆ ಸುರಿಯಿತು.

ಅದಕ್ಕೂ ಪರಿಹಾರ ದೊರೆಯಿತು. ಪ್ರಜೆಗಳು ದಿನಕ್ಕೊಂದು ಕೇರಿಯಂತೆ ಸರದಿಯ ಮೇಲೆ ಬಂದು, ಸಂದಿಗೆ ಅಡ್ಡಲಾಗಿ ನಿಂತು ಪ್ರಭುಗಳಿಗೆ ನೆರಳಾಗತಕ್ಕದ್ದು. ಕೊಡೆ ತಂದವರಿಗೆ ದಂಡ. ನೆರಳು ಸರ್ಕಾರದ ಸ್ವತ್ತು.

ಕುಂಬಾರ ಕೇರಿಯ ಸರದಿಯ ದಿನ ಚಿನ್ನವ್ವನೆಂಬ ಮುದುಕಿ ಬೆವರೊರೆಸಿಕೊಳ್ಳುತ್ತ ಕೇಳಿಯೇಬಿಟ್ಟಳು: "ಅಲ್ರಪ್ಪೋ, ಎರಡು ಹೊಸ ಕದ ಇಕ್ಸಿದ್ರೆ ಆಗಾಕಿಲ್ವಾ?"

"ಶ್! ಮೆತ್ತಗೆ ಮಾತಾಡಮ್ಮ," ಎಂದು ಬೊಮ್ಮರಸ ಸಂದಿನ ಕುರ್ಚಿಯಿಂದಲೇ ಪಿಸುಗುಟ್ಟಿದ. "ಪ್ರಭುಗಳು ಎದ್ದುಬಿಟ್ರೆ ಏನು ಗತಿ?"

ಮುದುಕಿಗೆ ಹುಂಜಗಳ ಶಿಬಿರ ನೆನಪಾಯಿತು. ಅವಳು ಪಕ್ಕದವಳ ಭುಜಕ್ಕೆ ಭುಜ ಒತ್ತಿ ನಿಂತಳು. ಇಡೀ ಕೇರಿ ಒಂದಿಷ್ಟೂ ಬೆಳಕು ನುಸುಳದಂತೆ ಒತ್ತೊತ್ತಾಗಿ ನಿಂತಿತು.