ಭಾವನ ಗಾಳಕ್ಕೊಂದು ಕೊಳವೆ

ನನ್ನ ಹೆಂಡತಿಯ ಅಣ್ಣನಂಥ ಒಳ್ಳೆಯ ಮನುಷ್ಯ ಇಡೀ ಕೊಡಗು ರಾಜ್ಯದಲ್ಲೇ ಇಲ್ಲವಂತೆ. ಹೇಳುವವಳು ನನ್ನ ಹೆಂಡತಿ! ರಾಜ್ಯ ಚಿಕ್ಕದು ನಿಜ. ಆದರೂ ಎಣಿಸುವಾಗ ನನ್ನನ್ನು ಬಿಟ್ಟದ್ದು ನ್ಯಾಯವೆ?

ಭಾವ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಇಂಗ್ಲೆಂಡಿಗೆ ಹೊರಟ ದೊರೆ ತನ್ನ ದೋಣಿಯನ್ನೂ ಎರಡು ಗಾಳದ ಕೋಲುಗಳನ್ನೂ ಅವರಿಗೆ ಕೊಟ್ಟುಹೋದ. ಇಪ್ಪತ್ತು ವರ್ಷ ಕಾವೇರಿಯ ಬಂಡೆ ಮೇಲೆ ಬಿದಿರುಕಡ್ಡಿ ಹಿಡಿದು ಕೂತವನು ನಾನು. ದೋಣಿ ಸಿಕ್ಕಿದ್ದು ಎರೆಹುಳ ಮುಟ್ಟಲೂ ಹೇಸುವ ಇವರಿಗೆ! ಹೊಟ್ಟೆ ಉರಿಯದೆ ಇನ್ನೇನಾದೀತು?

ದೋಣಿಯ ಅಂಚಿನಲ್ಲಿ ಕೋಲು ನಿಲ್ಲಿಸುವ ಕೊಳವೆಗಳು ತುಕ್ಕು ಹಿಡಿದು ಉದುರಿದ್ದವು. ಹೊಸವನ್ನು ಆರಿಸಬೇಕಿತ್ತು. ಹೆಣ್ಣು ನೋಡಲು ಹೋದಾಗಲೂ ಭಾವ ಇಷ್ಟು ಯೋಚಿಸಿರಲಿಲ್ಲ! ಅಳತೆಗೆಂದು ಆ ಉದ್ದನೆಯ ಕೋಲನ್ನೇ ಹಿಡಿದು ಸೋಮವಾರಪೇಟೆ ಬಸ್ಸು ಹತ್ತಿದರು.

"ಎಂಥದು ಸ್ವಾಮಿ ಇದು? ಇದಕ್ಕೂ ಟಿಕೆಟ್ ಆಗ್ತದೆ," ಎಂದ ಕಂಡಕ್ಟರು.

"ಅರ್ಧ ಟಿಕೆಟ್ ಕೊಡಿ. ಇದಿನ್ನೂ ಒಂದು ಮೀನೂ ಹಿಡಿದಿಲ್ಲ!" ಎಂದರು ಭಾವ.

ಸಂತೆಯಲ್ಲಿ ಚೊಂಬು, ಹೂದಾನಿ, ಸೇರು, ಪಾವು ಎಲ್ಲದರೊಳಗೂ ಕೋಲು ಇಳಿಸಿ ನೋಡಿದರು. ಪಾತ್ರೆ ಅಂಗಡಿಯವನಿಗೆ ರೇಗಿತು. "ಯಜಮಾನ್ರೇ, ಪಕ್ಕದಲ್ಲೇ ಮೀನು ಮಾರ್ತಾರೆ. ಕೊಂಡ್ಕೊಂಡು ಮನೆಗೆ ಹೋಗಿ ಮಾರಾಯ್ರೆ!"

ಕೊನೆಗೆ ಬಿದಿರಿನ ಕೊಳವೆಯೇ ಸರಿ ಎಂದಾಯಿತು. ಆದರೆ ಅದನ್ನು ಎಷ್ಟು ಓರೆಯಾಗಿ ಕೂರಿಸಬೇಕು? ನಮ್ಮ ಅಂಗಳದಲ್ಲಿಟ್ಟ ದೋಣಿಯೊಳಗೆ ಕೂತು ಭಾವ ಎಂಟು ದಿನ ಪರೀಕ್ಷಿಸಿದರು. ನನ್ನ ಹೆಂಡತಿ ಕಾಫಿ, ಅಕ್ಕಿರೊಟ್ಟಿ ಎಲ್ಲ ಅಲ್ಲಿಗೇ ಒಯ್ದಳು. ನಾನು ಹೊಳೆಯಲ್ಲಿ ಕೂತಾಗ ಒಂದು ಲೋಟ ನೀರು ತಂದವಳಲ್ಲ!

"ಭಾವ, ನೀವು ಪಳಗಿದೋರು. ಕೊಳವೆ ಬಿಗಿ ಇರ್ಬೇಕೋ, ಸಡಿಲವೋ?" ಎಂದು ನನ್ನನ್ನೇ ಕೇಳಿದರು.

ಬಿಗಿ ಇರಬೇಕು, ಕೋಲನ್ನು ಹುರಿಯಿಂದ ದೋಣಿಗೂ ಕಟ್ಟಬೇಕು. ನನಗೆ ಚೆನ್ನಾಗಿ ಗೊತ್ತಿತ್ತು.

"ಸಡಿಲ ಇರ್ಲಿ ಭಾವ. ಮೀನಿಗೆ ಅನುಮಾನ ಬರಲ್ಲ," ಎಂದೆ.

ನಾವಿಬ್ಬರೂ ಹೊಳೆಗೆ ದೋಣಿ ಇಳಿಸಿದ ಮೊದಲ ಬೆಳಿಗ್ಗೆಯೇ ದೊಡ್ಡ ಮೀನೊಂದು ಎಳೆಯಿತು. ಬಲಗಡೆಯ ಕೋಲು ಸುಂಯ್ಯೆಂದು ಹಾರಿ ಕಾವೇರಿಯ ಪಾಲಾಯಿತು. ನನಗೆ ಒಳಗೊಳಗೇ ಹಿಗ್ಗು. ಅಲ್ಲಿಯವರೆಗೆ ಆ ಸಡಿಲ ಕೊಳವೆಯ ಮೇಲೆಯೇ ಇದ್ದ ನನ್ನ ಕಣ್ಣು ಆಗ ಎಡಗಡೆ ಹೊರಳಿತು. ಅಲ್ಲಿನ ಕೊಳವೆಗೆ ಒಳಗೆ ಬಟ್ಟೆ ಸುತ್ತಿ ಬಿಗಿ ಮಾಡಿತ್ತು. ಕೋಲಿಗೆ ಹುರಿಯೂ ಇತ್ತು.

"ಇದ್ಯಾಕೆ ಹೀಗೆ?"

"ಅದು ನಿಮ್ದು ಭಾವ. ನೀವು ಹೇಳಿದ್ದನ್ನ ಮೊದ್ಲು ನಂದಕ್ಕೆ ಮಾಡಿ ನೋಡ್ದೆ. ಹೋದ್ರೆ ನಂದು ಹೋಗ್ಲಿ, ನಿಮ್ದು ಹೋಗ್ಬಾರ್ದಲ್ಲ."

"ನಾನು ಬೇಕೂಂತಲೇ ಹಾಗಂದಿದ್ದು, ಭಾವ," ಎಂದೆ.

ಅವರು ನನ್ನ ಕೋಲಿನ ಹುರಿಯನ್ನು ಇನ್ನೊಮ್ಮೆ ಬಿಗಿದರು.

"ಏನೋ ಸಿಟ್ಟಿತ್ತು ಅನ್ಸುತ್ತೆ," ಎಂದರು. "ಈಗ ಹೋಯ್ತಾ?"

ಭಾವ ಮೆಲ್ಲಗೆ ಪಕ್ಕಕ್ಕೆ ಸರಿದು ಎಡಗಡೆ, ನನ್ನ ಕೋಲಿನ ಬಳಿ, ನನಗೆ ಜಾಗ ಬಿಟ್ಟರು.