ಗಾಂಜಾ ಯಾಕೆ ಸೇದುತ್ತಾರೆ: ನನ್ನದೊಂದು ವಾರದ ಅಧ್ಯಯನ

ನಾನು ನಮ್ಮೂರ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ದಿನಾಲೂ ಮೂರು ಪೇಪರನ್ನು ಟೆಂಡರ್ ಜಾಹೀರಾತು ಸಮೇತ ಓದುವವನು ಕುಂದಗೋಳ ತಾಲೂಕಿನಲ್ಲಿ ಬಹುಶಃ ನಾನೊಬ್ಬನೇ. ಆದ್ದರಿಂದ ಹೈಸ್ಕೂಲಿನ ಹೆಡ್‌ಮಾಸ್ತರರು ಬಂದು, "ಸರ್ರ, ಮುಂದಿನ ಸೋಮವಾರ ವ್ಯಸನಮುಕ್ತಿ ಕಾರ್ಯಕ್ರಮ ಐತಿ. ಮಂದಿ ಗಾಂಜಾ ಯಾಕ ಸೇದ್ತಾರ ಅಂತ ನೀವು ಅರ್ಧಾ ತಾಸು ಮಾತಾಡಬೇಕು" ಅಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಮತ್ತೆ ಯಾರನ್ನು ಕೇಳಬೇಕು ಅವರು?

ಹಳೆಯ ಪೇಪರುಗಳನ್ನೆಲ್ಲ ಹರವಿಕೊಂಡು ಕೂತೆ. ನಶೆಗಾಗಿ ಸೇದುವವರಿದ್ದಾರೆ. ಅದೇ ಗಿಡದಿಂದ ಕ್ಯಾನಬಿಡಿಯಾಲ್ ಎಂಬ ವಸ್ತು ತೆಗೆಯುತ್ತಾರಂತೆ. ಅದು ನಶೆ ಏರಿಸುವುದಿಲ್ಲ. ಅದರ ಎಣ್ಣೆಯನ್ನು ನೋವಿಗೆ, ನಿದ್ದೆಗೆ ಅಂತ ಜನ ತೆಗೆದುಕೊಳ್ಳುತ್ತಾರೆ, ಕೆಲವು ಬಗೆಯ ಮೂರ್ಛೆರೋಗಕ್ಕೆ ಡಾಕ್ಟರರೂ ಕೊಡುತ್ತಾರೆ. ಇಷ್ಟನ್ನು ಬರೆದು ಗಟ್ಟಿಯಾಗಿ ಓದಿ ನೋಡಿದೆ. ನಾಲ್ಕು ನಿಮಿಷಕ್ಕೆ ಮುಗಿಯಿತು. ಇನ್ನೂ ಇಪ್ಪತ್ತಾರು ನಿಮಿಷ!

ಕ್ಷೇತ್ರಕಾರ್ಯವೊಂದೇ ದಾರಿ ಎಂದು ತೀರ್ಮಾನಿಸಿದೆ. ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಎಳೆದೆ: ಹೆಸರು, ವಯಸ್ಸು, ಕಾರಣ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಗಾಂಜಾ' ಎಂದು ಬರೆದೆ.

ನನ್ನ ಹೆಂಡತಿ ನಿರ್ಮಲಾ ಅದನ್ನು ನೋಡಿದಳು.

"ಏನ್ರೀ ಇದು? ಅಣ್ಣಿಗೇರಿಯವರು ಇದೇ ವಾರ ನಮ್ಮ ಮನಿತನ ವಿಚಾರಸಾಕತ್ತಾರ. ನೀವು ಊರ ತುಂಬ ಗಾಂಜಾ ಗಾಂಜಾ ಅಂತ ತಿರಗತೀರಿ?"

"ಇದು ಅಧ್ಯಯನ."

"ಹಂಗಂತ ಹಣಿ ಮ್ಯಾಲ ಬರಕೊಂಡು ಹೋಗ್ರಿ ಹಂಗಾದ್ರ."

ಮಗಳು ಗಿರಿಜಾ ಕುಂದಗೋಳದ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಹಿಂದೆ ನೋಡಿದ ನಾಲ್ಕು ಹುಡುಗರಿಗೆ ನಾಲ್ಕು ಕೊಂಕು ತೆಗೆದಿದ್ದಳು. ಅಣ್ಣಿಗೇರಿ ಹುಡುಗನ ಫೋಟೋ ನೋಡಿ ಸುಮ್ಮನೆ ತನ್ನ ಪರ್ಸಿನಲ್ಲಿಟ್ಟುಕೊಂಡಳು. ಅವಳ ಮಟ್ಟಿಗೆ ಅದು ಭಾಷಣವೇ. ಈ ಸಂಬಂಧ ತಪ್ಪಬಾರದು ಎಂಬ ಆಸೆ ಅವಳಿಗಿಂತ ನನಗೇ ಹೆಚ್ಚಾಗಿತ್ತು. ನಮ್ಮ ಕಡೆ ವಿಚಾರಣೆಗೆ ಮನೆಗೆ ಬರುವುದಿಲ್ಲ. ಆ ಊರಿಗೆ ಕೊಟ್ಟ ತಮ್ಮ ಹೆಣ್ಣುಮಗಳನ್ನು ಕೇಳುತ್ತಾರೆ. ಹುಡುಗನ ಸೋದರತ್ತೆ ಗಂಗವ್ವ ನಮ್ಮ ಓಣಿಯವಳೇ. ಅವಳೆದುರು ನಾನು ಹೋದ ತಿಂಗಳಿಂದ ಅಂಗಿಯ ಕೊರಳ ಗುಂಡಿ ಹಾಕಿಕೊಂಡೇ ಓಡಾಡುತ್ತಿದ್ದೆ.

ಮೊದಲ ದಿನ ಚಾದಂಗಡಿಗೆ ಹೋಗಿ ನೋಟ್‌ಬುಕ್ ತೆರೆದು, "ಇಲ್ಲಿ ಗಾಂಜಾ ಸೇದೋರು ಯಾರಾರ ಅದಾರೇನ್ರಿ?" ಎಂದು ಕೇಳಿದೆ. ಒಬ್ಬ ಚಾ ಅರ್ಧಕ್ಕೇ ಬಿಟ್ಟು ಎದ್ದ. ಎರಡನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಹುಡುಗರು ನೋಟ್‌ಬುಕ್ ನೋಡಿ, ನನ್ನನ್ನು ಪೊಲೀಸ್ ಇಲಾಖೆಯವನೆಂದು ತಿಳಿದು, ಒಂದೇ ಬೈಕಿನ ಮೇಲೆ ನಾಲ್ವರು ಪರಾರಿಯಾದರು. ಇನ್ನೂರು ಪುಟವೂ ಖಾಲಿ!

ಜನ ಬಾಯಿ ಬಿಡಬೇಕಾದರೆ ಮೊದಲು ನಿಮ್ಮ ಗುಟ್ಟು ಹೇಳಿಕೊಳ್ಳಿ ಎಂದು ಭಾನುವಾರದ ಪುರವಣಿಯಲ್ಲಿ ಓದಿದ್ದು ನೆನಪಾಯಿತು. ನನ್ನಲ್ಲಿ ಗುಟ್ಟಿರಲಿಲ್ಲ. ಒಂದನ್ನು ತಯಾರಿಸಿಕೊಂಡು ಹಿಟ್ಟಿನ ಗಿರಣಿಗೆ ಹೋದೆ. ಗಿರಣಿ ಫಕ್ಕೀರಪ್ಪ ಹುಡುಗನಾಗಿದ್ದಾಗ ಬೈರಾಗಿಗಳ ಜೋಡಿ ಒಂದು ವರ್ಷ ತಿರುಗಾಡಿ ಬಂದವನು. ಗಿರಣಿ ಓಡುವಾಗ ಬಾಜೂಕಿನವರ ಮಾತೂ ಕೇಳಿಸುವುದಿಲ್ಲ. ಗುಟ್ಟಿನ ಮಾತಿಗೆ ಇದಕ್ಕಿಂತ ಪ್ರಶಸ್ತ ಸ್ಥಳ ಊರಲ್ಲಿಲ್ಲ ಎಂಬುದು ನನ್ನ ಎಣಿಕೆ.

"ಫಕ್ಕೀರಪ್ಪಾ, ನೀ ಗಾಂಜಾ ಯಾಕ ಸೇದತಿದ್ದಿ?"

"ಆಂ?"

"ಗಾಂಜಾ! ಯಾಕ?"

ಅವನು ಕಿವಿ ತೋರಿಸಿ ತಲೆ ಅಲ್ಲಾಡಿಸಿದ. ನಾನು ಎದೆ ತುಂಬ ಉಸಿರು ಎಳೆದುಕೊಂಡು, "ನಾಚಬ್ಯಾಡೋ ಮಾರಾಯಾ!" ಎಂದೆ. ಕರೆಂಟು ಹೋಯಿತು. ಗಿರಣಿ ನಿಂತಿತು. ನಾನು ನಿಲ್ಲಲಿಲ್ಲ.

"ನಾನೂ ಸೇದತೇನಿ! ಹತ್ತು ವರ್ಷಾತು!"

ಜೋಳದ ಡಬ್ಬಿ ಹಿಡಿದು ನಿಂತಿದ್ದ ಹನ್ನೊಂದು ಹೆಣ್ಣುಮಕ್ಕಳು ನನ್ನ ಕಡೆ ತಿರುಗಿದರು. ಸಾಲಿನಲ್ಲಿ ಎರಡನೆಯವಳು ಗಂಗವ್ವ.

"ಹಂಗಲ್ಲವಾ, ಇದು ಭಾಷಣಕ್ಕ" ಎಂದೆ.

"ಯವ್ವಾ, ಭಾಷಣ ಮಾಡಾಕೂ ಸೇದ್ತಾರಂತ!" ಎಂದಳು ಹಿಂದಿನವಳು.

ಗಂಗವ್ವ ಜೋಳ ಬೀಸಿಸದೆಯೇ ಮನೆಗೆ ಹೋದಳು. ನಾನು ಮನೆ ಮುಟ್ಟುವಷ್ಟರಲ್ಲಿ ನಿರ್ಮಲಾ ಬಾಗಿಲಲ್ಲೇ ಇದ್ದಳು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಗಿರಿಜಾ ಕೆಲಸದಿಂದ ಬಂದವಳು ಸುದ್ದಿ ಕೇಳಿ, ಪರ್ಸಿನಿಂದ ಫೋಟೋ ತೆಗೆದು ಟಿವಿ ಮೇಲಿಟ್ಟಳು.

ಭಾನುವಾರ ಬೆಳಿಗ್ಗೆ ಹುಡುಗನ ಅಜ್ಜಾರು ಕೋಲೂರಿಕೊಂಡು ಬಂದೇ ಬಿಟ್ಟರು. ಅವಲಕ್ಕಿ ತಿಂದು, ಚಾ ಕುಡಿದು, "ಬೀಗರ, ಸ್ವಲ್ಪ ಹಿತ್ತಲಕ ಹೋಗೂಣು ಬರ್ರಿ" ಎಂದರು. ಕರಿಬೇವಿನ ಗಿಡದ ಹಿಂದೆ ನಿಂತು ದನಿ ತಗ್ಗಿಸಿದರು.

"ಗಂಗವ್ವ ಎಲ್ಲಾ ಹೇಳ್ಯಾಳ. ನಾ ಯಾರ ಮುಂದನೂ ಅನ್ನೂದಿಲ್ಲ. ನನ್ನ ಮೊಣಕಾಲು ನಿದ್ದಿನ ಕೊಡವಲ್ವು ನೋಡ್ರಿ. ಅದರದ ಎಣ್ಣಿ ಬರತೈತಂತಲ್ಲ, ಕ್ಯಾನ... ಏನೋ. ನಿಮಗ ಗೊತ್ತಿರತೈತಿ. ಒಂದ ಬಾಟ್ಲಿ ಕೊಡಸ್ರಿ."

ಹೂಂ ಅಂದರೆ ಸಂಬಂಧ ಕುದುರಿದ ಹಾಗೆ. ಒಂದು ಗಳಿಗೆ ಆ ವಿಚಾರ ಬಂದದ್ದೂ ಹೌದು. ಆದರೆ ಈಗಾಗಲೇ ಹೇಳಿದ ಒಂದು ಸುಳ್ಳನ್ನೇ ಹೊರಲಾಗುತ್ತಿರಲಿಲ್ಲ.

"ಅಜ್ಜಾರ, ನಾ ಬೀಡಿ ಸುದ್ದಾ ಸೇದಿದಾಂವ ಅಲ್ರಿ. ಸುಳ್ಳ ಹೇಳಿದೆ."

"ಅಂದ್ರ ಎಣ್ಣಿ ಇಲ್ಲ?"

"ಇಲ್ರಿ."

"ಮತ್ತ ಸುಳ್ಳ ಯಾಕ ಹೇಳಿದ್ರಿ?"

"ಭಾಷಣಕ್ಕ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗಾಂಜಾ ಸೇದುವವನಾಗಿ ಅವರ ಕಣ್ಣಲ್ಲಿ ನನಗೊಂದು ಬೆಲೆ ಇತ್ತು. ಈಗ ಅದೂ ಹೋಯಿತು.

ಒಣಗಿದ ಬಟ್ಟೆ ತೆಗೆಯುತ್ತಿದ್ದ ಗಿರಿಜಾ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಹತ್ತಿರ ಬಂದು ಕೇಳಿದಳು, "ಅಜ್ಜಾರ, ನೀವು ಬ್ಯಾರೆ ಗುಳಿಗಿ ಏನರ ತಗೋತೀರೇನ್ರಿ?"

"ಬಿಪಿದು. ಮತ್ತೊಂದು ರಕ್ತ ತೆಳುವಾಗೂದು."

"ಹಂಗಾದ್ರ ಯಾರ್ಯಾರೋ ಕೊಟ್ಟ ಎಣ್ಣಿ ಮುಟ್ಟಬ್ಯಾಡ್ರಿ. ನೋವು ತಡಕೊಳ್ಳಾಕ ಆಗಲಾರದ ಭಾಳ ಮಂದಿ ತಗೋತಾರ, ಕೆಲವರಿಗೆ ಆರಾಮನೂ ಅನಸ್ತೈತಿ. ಆದ್ರ ನಿಮ್ಮ ಗುಳಿಗಿ ಜೋಡಿ ಕೂಡಿದ್ರ ತ್ರಾಸ ಆಗಬಹುದು. ಬುಧವಾರ ನಮ್ಮ ದವಾಖಾನಿಗೆ ಎಲುಬಿನ ಡಾಕ್ಟರ್ ಬರತಾರ. ನಾ ಚೀಟಿ ಮಾಡಿಸಿ ಇಟ್ಟಿರತೇನಿ, ಬರ್ರಿ."

ನಾನು ಒಂದು ವಾರ ಊರೆಲ್ಲ ಹುಡುಕಿದ್ದು ನನ್ನ ಮನೆಯಲ್ಲೇ ಇತ್ತು. ಅವಳನ್ನು ಕೇಳಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಜ್ಜಾರು ಪಡಸಾಲೆಗೆ ಬಂದು ನಿರ್ಮಲಾಗೆ ಹೇಳಿದರು: "ಹುಡಗಿ ನಮಗ ಒಪ್ಪಿಗಿ ಐತವಾ. ಅಗದಿ ಶಾಣ್ಯಾಕಿ. ಅಪ್ಪನ ಮ್ಯಾಲ ಹೋಗಿಲ್ಲ."

"ದೇವರ ದಯಾರಿ" ಎಂದಳು ನಿರ್ಮಲಾ. ಟಿವಿ ಮೇಲಿನ ಫೋಟೋ ಆಗಲೇ ಅಲ್ಲಿರಲಿಲ್ಲ.

ಸಂಜೆ ಹೆಡ್‌ಮಾಸ್ತರರು ಬಂದರು. "ಸರ್ರ, ಗಿರಣ್ಯಾಗ ನೀವಂದದ್ದು ಊರಿಗೆಲ್ಲಾ ಗೊತ್ತಾಗೇತಿ. ಭಾಷಣ ದವಾಖಾನಿಯಾಕಿ ಗಿರಿಜಾ ಮಾಡ್ಲಿ. ಹತ್ತು ವರ್ಷದ ಚಟಾ ಬಿಟ್ಟವರು ಅಂತ ನಿಮಗ ಸನ್ಮಾನ ಇಟ್ಟೇವಿ." ನಾನು ಬೇಡ ಎನ್ನಲಿಲ್ಲ. ಬೇಡ ಎಂದರೆ ಇನ್ನೂ ಬಿಟ್ಟಿಲ್ಲ ಎಂದಾಗುತ್ತಿತ್ತು!

ಸೋಮವಾರ ಗಿರಿಜಾ ಪೂರ್ತಿ ಅರ್ಧ ತಾಸು ಮಾತಾಡಿದಳು. ನಾನು ಶಾಲು ಹೊದಿಸಿಕೊಂಡೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಫಕ್ಕೀರಪ್ಪ. ಮನೆಗೆ ಬಂದು ಶಾಲನ್ನು ಟ್ರಂಕಿನಲ್ಲಿಡಲು ಹೋದರೆ ನನ್ನ ನೋಟ್‌ಬುಕ್ ಅಲ್ಲಿತ್ತು. ಮೊದಲ ಸಾಲು ತುಂಬಿತ್ತು. ಅಕ್ಷರ ನಿರ್ಮಲಾಳದು. ಹೆಸರು ನನ್ನದು. ವಯಸ್ಸು ಐವತ್ತಾರು. ಕಾರಣ: ಸುಮ್ನ ಕುಂದ್ರಾಕ ಬರೂದಿಲ್ಲ.